ಮೂರನೆಯ ಶಾಂತಿ

ನಮ್ಮ ಚಿಕ್ಕಮ್ಮ ಒಂದು ಕಡೆ ಕೂರುವ ಜೀವವೇ ಅಲ್ಲ. ಊರಿಗೆಲ್ಲ ಉಸಿರಾಟ ಕಲಿಸುವ ಯೋಗ ಟೀಚರು, ಮನೆಯಲ್ಲಿ ಟೀ ಕೂಡ ನಿಂತೇ ಕುಡಿಯುತ್ತಾಳೆ. ಆ ವಾರವಂತೂ ಕೇಳಲೇಬೇಡಿ, ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಬಾಲ್ಕನಿಗೂ ಓಡಾಟ.

ಹದಿನೆಂಟು ವರ್ಷ ಬಾಡಿಗೆ ಹಾಲ್‌ಗಳಿಗೆ ಚಾಪೆ ಹೊತ್ತವಳಿಗೆ ದೊಡ್ಡ ಯೋಗ ಕೇಂದ್ರವೊಂದು ಕಾಯಂ ಕೆಲಸ ಕೊಡುತ್ತೇನೆ ಅಂದಿತ್ತು. ಷರತ್ತು ಒಂದೇ. ಕೊನೆಯ ಮಂತ್ರದಲ್ಲಿ ‘ಶಾಂತಿಃ’ ಮೂರು ಸಲ ಬಾಯಿಬಿಟ್ಟು ಹೇಳಬೇಕು. ಚಿಕ್ಕಮ್ಮನ ಮೇಷ್ಟ್ರ ಪರಂಪರೆಯಲ್ಲಿ ಎರಡೇ ಸಲ. ಮೂರನೆಯದಕ್ಕೆ ಬಲಗೈಯನ್ನು ಎದೆಯ ಎಡಗಡೆ ಇಟ್ಟು ಸುಮ್ಮನಿರಬೇಕು. “ಮೂರನೇದನ್ನ ಹೃದಯ ಹೇಳುತ್ತೆ” ಅಂತ ಇವಳು ನೂರಾರು ಜನಕ್ಕೆ ಕಲಿಸಿದ್ದಾಳೆ.

“ಹೇಳಿಬಿಡು ಚಿಕ್ಕಮ್ಮ, ಬಾಯೇನೂ ಸವೆದುಹೋಗಲ್ಲ” ಅಂದೆ.

“ತಲೆಹರಟೆ ಮಾಡಬೇಡ. ಸತ್ತಿರೋ ಮೇಷ್ಟ್ರಿಗೆ ದ್ರೋಹ ಮಾಡು ಅಂತೀಯಾ?”

ಯೋಗ ಕಲಿಸೋರಲ್ಲಿ ಒಬ್ಬರ ಕಡೆ ಮಂತ್ರ ಗಟ್ಟಿಯಾಗಿ, ಇನ್ನೊಬ್ಬರ ಕಡೆ ಮನಸ್ಸಿನಲ್ಲೇ, ಮತ್ತೊಬ್ಬರ ಕಡೆ ಆಸನಕ್ಕೆ ಮೊದಲೇ. ಅವರವರಿಗೆ ಅವರದೇ ಸರಿ. ಇದಕ್ಕೆ ಇಷ್ಟು ಒದ್ದಾಟ ಯಾಕೋ, ನನಗಂತೂ ರೇಗಿಹೋಯಿತು.

ಕೊನೆಗೆ ನನ್ನನ್ನೂ ಎಳೆದುಕೊಂಡು ಮೇಷ್ಟ್ರ ಹೆಂಡತಿಯ ಹತ್ತಿರ ಹೋದಳು, ಅಪ್ಪಣೆ ಕೇಳೋಕೆ. ಆಕೆ ಒಣಗಿದ ಬಟ್ಟೆ ಮಡಚುತ್ತಿದ್ದರು.

“ಅಯ್ಯೋ ಹುಚ್ಚಿ, ಅವರಿಗೆ ಉಬ್ಬಸ ಇತ್ತಲ್ಲೇ! ಎರಡು ಹೇಳೋಷ್ಟರಲ್ಲಿ ಉಸಿರು ಕಟ್ಟೋದು. ಎಡಗಡೆ ಜೇಬಲ್ಲಿ ಉಬ್ಬಸದ ಔಷಧಿ ಪಂಪ್ ಇದೆಯಾ ಅಂತ ಎದೆ ಮುಟ್ಟಿ ನೋಡ್ಕೊಳ್ಳೋರು. ನೀವೆಲ್ಲ ಹೋದಮೇಲೆ ಬಾಗಿಲು ಹಾಕ್ಕೊಂಡು ಎಳ್ಕೊಳ್ಳೋರು. ಯೋಗದ ಮೇಷ್ಟ್ರಿಗೇ ಉಬ್ಬಸ ಅಂದ್ರೆ ನಗ್ತಾರೆ ಅಂತ ನಾಚಿಕೆ.”

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಅಲುಗಾಡಲಿಲ್ಲ. “ಮುಂದಿನ ಸಾಲಲ್ಲೇ ಕೂರ್ತಿದ್ದೆ ಕಣೇ. ನಾಲ್ಕು ಮೊಳ ದೂರ. ಅವರಿಗೆ ಉಸಿರು ಸಿಗ್ತಿಲ್ಲ ಅನ್ನೋದು ನಂಗೆ ಕಾಣ್ಲೇ ಇಲ್ಲ. ನಾನು ಉಸಿರಾಟದ ಟೀಚರು, ಥೂ!” ಅಂತ ಬಿಕ್ಕಿ ಬಿಕ್ಕಿ ಅತ್ತಳು.

ಹೊಸ ಕೇಂದ್ರದ ಮೊದಲ ತರಗತಿಗೆ ನಾನೂ ಹೋಗಿದ್ದೆ. ‘ಶಾಂತಿಃ’ ಮೂರು ಸಲವೂ ಕೇಳಿಸಿತು, ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾಗಿ. ಜನ ಚಾಪೆ ಸುತ್ತಲು ಹೊರಟರು.

“ಒಂದು ನಿಮಿಷ. ಯಾರಿಗಾದ್ರೂ ಉಸಿರು ಕಷ್ಟ ಆಗ್ತಿದೆಯಾ? ನಾಚಿಕೊಳ್ಳಬೇಡಿ.”

ಇಷ್ಟು ವರ್ಷದಲ್ಲಿ ಅವಳು ಇದನ್ನು ಕೇಳಿದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಎರಡು ಕೈ ಮೆಲ್ಲಗೆ ಎದ್ದವು. ಚಿಕ್ಕಮ್ಮ ಹೋಗಿ ಅವರ ನಡುವೆ ಕೂತಳು.