ನೋಣಯ್ಯನ ಮಣ್ಣಿನ ಸೈನ್ಯ

ಪಾಣೆಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದ ನೋಣಯ್ಯನಿಗೆ ಕುಡಿತ ಇರಲಿಲ್ಲ, ಕೋಳಿ ಅಂಕದ ಹುಚ್ಚೂ ಇರಲಿಲ್ಲ. ಇದ್ದದ್ದು ಒಂದೇ ಚಟ, ಅದೂ ಊರಲ್ಲಿ ಬೇರೆ ಯಾರಿಗೂ ಇಲ್ಲದ್ದು. ಭಾನುವಾರ ಊಟ ಮುಗಿಸಿ ಒಳಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಯುರೋಪಿನ ಯುದ್ಧ ಮಾಡುವುದು. ನಗಬೇಡಿ. ಆಗ ನಕ್ಕವರೆಲ್ಲ ಆಮೇಲೆ ಹೆದರಿದವರೇ.

ಇದನ್ನು ಅವನಿಗೆ ಅಂಟಿಸಿದ್ದು ಬೆಳ್ತಂಗಡಿಯ ಆಚೆ, ಘಟ್ಟದ ಬುಡದ ರಬ್ಬರ್ ತೋಟದ ಬಿಳಿ ದೊರೆ. ಪ್ರಾಯದಲ್ಲಿ ನೋಣಯ್ಯ ಅಲ್ಲಿ ಅಡುಗೆಯವನ ಕೈಕೆಳಗೆ ಇದ್ದ. ದೊರೆ ದೊಡ್ಡ ಮೇಜಿನ ಮೇಲೆ ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ನೂರಮೂವತ್ತು ವರ್ಷದ ಹಿಂದೆ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ ವಾಟರ್‌ಲೂ ಯುದ್ಧವನ್ನು ಮತ್ತೆ ಮತ್ತೆ ಆಡುತ್ತಿದ್ದ. ಎದುರಾಳಿಯಾಗಿ ಬರುತ್ತಿದ್ದ ಪಕ್ಕದ ತೋಟದ ದೊರೆ ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಉಳಿದರೆ ನೋಣಯ್ಯನನ್ನೇ ಕರೆದು ಫ್ರೆಂಚರ ಬದಿಗೆ ಕೂರಿಸುತ್ತಿದ್ದ. ಸ್ವಾತಂತ್ರ್ಯ ಬಂತು, ದೊರೆ ಸೀಸದ ಸೈನ್ಯವನ್ನು ಕಟ್ಟಿಕೊಂಡು ಊರಿಗೆ ಹೋದ. ಹುಚ್ಚು ಮಾತ್ರ ನೋಣಯ್ಯನ ಪಾಲಿಗೆ ಬಿಟ್ಟುಹೋದ.

ಸಿಪಾಯಿಗಳಿಗೇನು, ಕಾರ್ಖಾನೆಯ ಮಣ್ಣುಂಟು, ಆವಿಗೆಯ ಮೂಲೆಯುಂಟು. ಹೆಬ್ಬೆರಳುದ್ದದ ಸಿಪಾಯಿಗಳನ್ನು ಮಾಡಿ ಸುಟ್ಟು, ಇಂಗ್ಲಿಷರಿಗೆ ಕೆಂಪು, ಫ್ರೆಂಚರಿಗೆ ನೀಲಿ ಬಳಿದ. ಕಷ್ಟವಾದದ್ದು ನಿಯಮದ್ದು. ದೊರೆಯ ನಿಯಮಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಅರ್ಧ ಮರೆತುಹೋಗಿತ್ತು. ಒಂದು ಮುಖಕ್ಕೆ ಸಾವು, ಇನ್ನೊಂದಕ್ಕೆ ಬದುಕು ಎಂದು ನಾಣ್ಯ ಚಿಮ್ಮಿ ನೋಡಿದ: ಒಂದೇ ಏಟಿಗೆ ಇಡೀ ಸಾಲು ಸತ್ತು, ಇಂಗ್ಲಿಷರ ಸಹಾಯಕ್ಕೆ ಬರಬೇಕಾದ ಪ್ರಷ್ಯದ ಸೈನ್ಯ ಬರುವ ಮೊದಲೇ ಯುದ್ಧ ಮುಗಿಯಿತು. ಚೆನ್ನೆಮಣೆಯ ಕಾಳು ಎಣಿಸಿ ನೋಡಿದ: ಎಣಿಕೆ ಮೊದಲೇ ಗೊತ್ತಾಗುವುದರಿಂದ ಒಬ್ಬನೇ ಆಡುವವನಿಗೆ ಅದರಲ್ಲಿ ಸ್ವಾರಸ್ಯವೇ ಇಲ್ಲ. ಕಡೆಗೆ ನಾಲ್ಕು ಕವಡೆ ಹಿಡಿದ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಜನ ಸತ್ತರು. ಹೆಚ್ಚಾಗಿ ಎರಡು ಬೀಳುತ್ತವೆ, ನಾಲ್ಕು ಬೀಳುವುದು ಅಪರೂಪ. ಯುದ್ಧ ಹದವಾಗಿ ಸಂಜೆಯವರೆಗೂ ನಡೆಯಿತು. ನೋಣಯ್ಯನಿಗೆ ಖುಷಿಯೋ ಖುಷಿ.

ಕವಡೆ ಹಾಕಿ ಪ್ರಶ್ನೆ ನೋಡುವವರ ಊರಿದು, ಮಣ್ಣಿನ ಗೊಂಬೆಗೆ ಮುಳ್ಳು ಚುಚ್ಚಿ ಮಾಟ ಮಾಡುತ್ತಾರೆಂದು ನಂಬುವ ಊರು. ಅದು ಅವನ ತಲೆಗೆ ಹೊಳೆಯಲೇ ಇಲ್ಲ, ಪೆದ್ದು. ಸಾಲದ್ದಕ್ಕೆ ಇನ್ನೊಂದು ಮಾಡಿದ. ವಾಟರ್‌ಲೂ ಬಯಲಿನಲ್ಲಿ ಇಂಗ್ಲಿಷರು ಕಾಯುವ ಒಂದು ದೊಡ್ಡ ಮನೆ ಉಂಟು, ಸುತ್ತ ಗೋಡೆ, ಮುಂದೆ ಹೆಬ್ಬಾಗಿಲು, ಹಿಂದೆ ತೋಟ. ಅದರ ಹೆಸರು ಅವನ ನಾಲಗೆಗೆ ಹೊರಳಲಿಲ್ಲ. ನೋಡಲಿಕ್ಕೆ ತನ್ನ ಧಣಿ, ಊರಿನ ಜಮೀನ್ದಾರ ಮುಂಡಪ್ಪನವರು ಇರುವ ದೊಡ್ಡ ಗುತ್ತಿನ ಮನೆಯ ಹಾಗೆಯೇ ಇದೆಯಲ್ಲ ಎಂದು ಅದಕ್ಕೆ ‘ಗುತ್ತು’ ಎಂದೇ ಹೆಸರಿಟ್ಟ. ನೋಣಯ್ಯ ಕೂತಿದ್ದ ಮನೆ, ಅದರ ಅಡಿಯ ನೆಲ, ಎಲ್ಲ ಆ ಮುಂಡಪ್ಪನವರದೇ. ಅವರು ಒಕ್ಕಲೆಬ್ಬಿಸಿದರೆ ಅವನಿಗೂ ಹೆಂಡತಿ ಅಮ್ಮಣ್ಣಿಗೂ ಹೊಳೆಯ ಬದಿಯೇ ಗತಿ.

ಐವತ್ತೆಂಟರ ಮಳೆಗಾಲ ಕಳೆದ ಒಂದು ಭಾನುವಾರ ಪಕ್ಕದ ಮನೆಯ ಸೇಸಮ್ಮ ಮಜ್ಜಿಗೆ ಕೇಳಲು ಬಂದವಳು ಬಾಗಿಲ ಸಂದಿನಿಂದ ಕಂಡಳು. ಸಾಲು ಸಾಲು ಗೊಂಬೆ, ನಡುವೆ ನೋಣಯ್ಯ. ಕವಡೆ ಬಿತ್ತು. “ಗುತ್ತಿಗೆ ಬೆಂಕಿ ಬಿತ್ತು. ಗುತ್ತಿನವರು ಪೂರಾ ಹೋದರು,” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಅವನು ಗೊಂಬೆಗಳನ್ನು ಒಂದೊಂದಾಗಿ ಮಲಗಿಸಿದ. ಸೇಸಮ್ಮ ಮಜ್ಜಿಗೆಯ ತಂಬಿಗೆಯನ್ನು ಅಲ್ಲೇ ಬಿಟ್ಟು ಓಡಿದಳು.

ಆ ವಾರವೇ ಮುಂಡಪ್ಪನವರ ಹೆಂಡತಿ ಜಲಜಾಕ್ಷಿ ಜ್ವರದಲ್ಲಿ ಮಲಗಿದರು. ಬಂಟ್ವಾಳದ ಡಾಕ್ಟರು ಬಂದು ವಿಷಮಜ್ವರ ಎಂದರು, ಮಾತ್ರೆ ಕೊಟ್ಟರು. ಜ್ವರ ಇಳಿಯಲಿಲ್ಲ. ಸೇಸಮ್ಮನ ಬಾಯಿ ಅಷ್ಟರೊಳಗೆ ಊರೆಲ್ಲ ಸುತ್ತಿ ಬಂದಿತ್ತು. ಕಾರ್ಖಾನೆಯಲ್ಲಿ ನೋಣಯ್ಯನ ಪಕ್ಕ ಯಾರೂ ಬುತ್ತಿ ಬಿಚ್ಚಲಿಲ್ಲ. ಅಮ್ಮಣ್ಣಿ ಬಾವಿಗೆ ಹೋದರೆ ಹೆಂಗಸರು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ನಡೆದರು. ಯಾಕೆಂದು ನೋಣಯ್ಯನಿಗೆ ಗೊತ್ತಾದದ್ದು ಎಲ್ಲರಿಗಿಂತ ಕಡೆಗೆ.

ಒಂದು ಸಂಜೆ ಮುಂಡಪ್ಪ ಇಬ್ಬರು ಆಳುಗಳೊಂದಿಗೆ ಅಂಗಳಕ್ಕೆ ಬಂದರು. ಆಳುಗಳ ಕೈಯಲ್ಲಿ ದೊಣ್ಣೆ ಇತ್ತು.

“ಏನದು ನೋಣಯ್ಯ, ನೀನು ಮಾಡುವುದು?”

“ಆಟ ಧಣಿಗಳೇ. ಬರೀ ಆಟ. ದೊರೆ ಕಲಿಸಿದ್ದು.”

“ಆಟವಾದರೆ ನನ್ನೆದುರು ಆಡಿ ತೋರಿಸು.”

ನೋಣಯ್ಯ ಸೈನ್ಯ ಜೋಡಿಸಿದ. ಆಟವೆಂದು ಗೊತ್ತಾದರೆ ಬದುಕಿದೆ ಎಂದುಕೊಂಡ. ಮೊದಲು ಬಯಲಿನ ಸಾಲಿನ ಮೇಲೆ ಫ್ರೆಂಚರ ಗುಂಡು. ಕವಡೆ ಹಾಕಿದ, ಎರಡು ಅಂಗಾತ, ಇಬ್ಬರನ್ನು ಮಲಗಿಸಿದ. ಮುಂಡಪ್ಪ ಬಗ್ಗಿ ನೋಡುತ್ತಿದ್ದರು, ಅವರ ಉಸಿರು ಕೇಳುತ್ತಿತ್ತು. ಆಮೇಲೆ ಗುತ್ತಿನ ಸರದಿ. ಅಲ್ಲಿ ಅವನು ನಿಲ್ಲಿಸಿದ್ದದ್ದು ನಾಲ್ಕೇ ಸಿಪಾಯಿಗಳನ್ನು. ಕವಡೆ ಬಿತ್ತು. ನಾಲ್ಕಕ್ಕೆ ನಾಲ್ಕೂ ಅಂಗಾತ.

ದೇವರೇ, ಅಪರೂಪಕ್ಕೆ ಬೀಳುವುದು ಇವತ್ತೇ ಬೀಳಬೇಕಾ? ದೊರೆಯ ಒಂದು ನಿಯಮ ಆಗ ಎಲ್ಲಿಂದಲೋ ನೆನಪಾಯಿತು. ಲೆಕ್ಕ ಜಾಸ್ತಿಯಾಗುತ್ತದೆಂದು ನೋಣಯ್ಯನೇ ಕೈಬಿಟ್ಟದ್ದು.

“ಇವರು ಗೋಡೆಯ ಹಿಂದೆ ಇದ್ದಾರೆ ಧಣಿಗಳೇ. ಗೋಡೆ ಇದ್ದವರಿಗೆ ಗುಂಡು ತಾಗುವುದಿಲ್ಲ. ಇವರು ಸಾಯುವುದಿಲ್ಲ.”

ಹೇಳಿದ ಮೇಲೆ ಅವನಿಗೆ ಸ್ವಲ್ಪ ಉಸಿರು ಬಂತು. ಮುಂಡಪ್ಪ ಮಾತ್ರ ಗೊಂಬೆ ಬಿಟ್ಟು ಅವನ ಮುಖವನ್ನೇ ನೋಡಿದರು.

“ಆ ದಿನ ಸೇಸಮ್ಮ ನೋಡುವಾಗ ಈ ಗೋಡೆ ಇರಲಿಲ್ಲವಾ?”

ನೋಣಯ್ಯ ಕವಡೆಗಳನ್ನು ಹೆಕ್ಕತೊಡಗಿದ.

“ಆ ದಿನ ಪೂರಾ ಹೋದರು ಅಂದೆ. ಇವತ್ತು ಸಾಯುವುದಿಲ್ಲ ಅಂತೀಯ. ಹಾಗಾದರೆ ಕೊಲ್ಲುವುದೂ ಉಳಿಸುವುದೂ ನೀನು ಹೇಳಿದ ಹಾಗೆ.” ಅವರ ದನಿ ಒಡೆಯಿತು. “ದಿನಾ ಆಡು. ನಾನು ಬಂದು ಕೂತುಕೊಳ್ತೇನೆ. ನನ್ನ ಹೆಂಡತಿಯನ್ನು ಗೋಡೆಯ ಹಿಂದೆಯೇ ಇಡು. ಅವಳಿಗೆ ಏನಾದರೂ ಆಯಿತೋ, ಈ ಮನೆಯ ಒಟ್ಟಿಗೆ ನಿನ್ನನ್ನೂ ಸುಡ್ತೇನೆ.”

ಅಂದಿನಿಂದ ನೋಣಯ್ಯನ ಮೋಜು ಹೋಗಿ ಜೀತವಾಯಿತು. ಪ್ರತಿ ಸಂಜೆ ಮುಂಡಪ್ಪ ಬಂದು ಮಣೆಯ ಮೇಲೆ ಕೂರುತ್ತಿದ್ದರು, ಆಳುಗಳು ಅಂಗಳದಲ್ಲಿ. ಗೋಡೆಯ ಹಿಂದಿನವರು ಸಾಯದ ಹಾಗೆ ನಿಯಮ ಹಾಕಿದವನೇ ತಾನು, ಕವಡೆ ಹೇಗೆ ಬಿದ್ದರೂ ಹೆದರಬೇಕಾಗಿಲ್ಲ ಎಂದು ನೋಣಯ್ಯನ ತಲೆಗೆ ಗೊತ್ತಿತ್ತು. ಆದರೂ ಅಂಗಾತ ಬಿದ್ದಾಗಲೆಲ್ಲ ಗುತ್ತಿನ ಕಡೆ ಕಿವಿ ಹೋಗುತ್ತಿತ್ತು. ಒಂದು ಬೆಳಿಗ್ಗೆ ಆ ದಿಕ್ಕಿನಿಂದ ಮರಕ್ಕೆ ಕೊಡಲಿ ಬೀಳುವ ಸದ್ದು ಕೇಳಿತು. ಸಾವಿನ ಮನೆಯಲ್ಲಿ ಚಿತೆಗೆಂದು ಮೊದಲು ಕಡಿಯುವುದು ಮಾವಿನ ಮರ. ಅವನು ಹೊಸ್ತಿಲಲ್ಲೇ ಕುಸಿದು ಕೂತ.

“ಏಳಿ ಇವರೇ,” ಎಂದಳು ಹೋಗಿ ನೋಡಿ ಬಂದ ಅಮ್ಮಣ್ಣಿ. “ಬೇಲಿಗೆ ಗೂಟ ಕಡಿಯುವುದು ಅಷ್ಟೇ.” ಹೇಳಿದವಳ ತುಟಿಯೂ ಬೆಳ್ಳಗಾಗಿತ್ತು.

ಜಲಜಾಕ್ಷಿ ಬದುಕಿದರು. ಡಾಕ್ಟರ ಮಾತ್ರೆಯೋ, ಅವರ ಆಯುಷ್ಯವೋ, ಜ್ವರ ಇಳಿದು ಗಂಜಿ ಕುಡಿದರು, ಎದ್ದು ಅಂಗಳದಲ್ಲಿ ನಡೆದರು. ಸೇಸಮ್ಮ ತಾನೇ ಬಂದು ಮಾತಾಡಿಸಿದಳು. ಬಾವಿಕಟ್ಟೆಯಲ್ಲಿ ಅಮ್ಮಣ್ಣಿಗೆ ಹೆಂಗಸರು ಹಗ್ಗ ಬಿಟ್ಟುಕೊಟ್ಟರು. ಹೀಗಿರುವಾಗ ಒಂದು ಸಂಜೆ ಮುಂಡಪ್ಪ ದೊಣ್ಣೆಯವರನ್ನು ಬಿಟ್ಟು ಒಬ್ಬರೇ ಬಂದರು, ಕೈಯಲ್ಲಿ ಬಾಳೆಗೊನೆ.

“ಇನ್ನು ಈ ಮನೆಯಿಂದ ನಿನ್ನನ್ನು ಯಾರೂ ಎಬ್ಬಿಸಲಿಕ್ಕಿಲ್ಲ ನೋಣಯ್ಯ. ನನ್ನ ಮಾತು.”

ನೋಣಯ್ಯನ ಕಣ್ಣು ತುಂಬಿತು. ಬಗ್ಗಿ ಕೈಮುಗಿದ. ಇಷ್ಟು ದಿನದ ಹೆದರಿಕೆ ಒಂದೇ ಸಲಕ್ಕೆ ಮೈಯಿಂದ ಇಳಿದ ಹಾಗೆ ಅನಿಸಿತು.

ಮುಂಡಪ್ಪ ಹೋಗಲಿಲ್ಲ. ಮಣೆ ಎಳೆದುಕೊಂಡು ಹತ್ತಿರ ಕೂತು, ಬಯಲಿನ ಸಾಲಿನಿಂದ ಒಂದು ಕೆಂಪು ಸಿಪಾಯಿಯನ್ನು ಎತ್ತಿ ನೋಡಿದರು. “ಫರಂಗಿಪೇಟೆಯಲ್ಲಿ ನನ್ನ ದಾಯಾದಿ ಲೋಕನಾಥ ಇದ್ದಾನಲ್ಲ, ಗುತ್ತಿನ ಗದ್ದೆಯಲ್ಲಿ ಪಾಲು ಬೇಕೆಂದು ಕೋರ್ಟಿಗೆ ಹೋಗಿದ್ದಾನೆ,” ಎಂದರು, ತೀರಾ ಮೆಲ್ಲಗೆ. “ಅವನಿಗೆ ಗೋಡೆ ಬೇಡ.”

ಸಿಪಾಯಿಯನ್ನು ನೋಣಯ್ಯನ ಅಂಗೈಯಲ್ಲಿಟ್ಟು ಎದ್ದು ಹೋದರು.

ಮರುದಿನ ಬೆಳಿಗ್ಗೆ ನೋಣಯ್ಯ ಕಾರ್ಖಾನೆಯ ದಾರಿ ಬಿಟ್ಟು, ಸೈನ್ಯವನ್ನೆಲ್ಲ ನೇತ್ರಾವತಿಗೆ ಸುರಿದು, ಅಮ್ಮಣ್ಣಿಯೊಂದಿಗೆ ಮೂಡುಬಿದಿರೆಯ ಬಸ್ಸು ಹತ್ತಿದ. ಅವಳ ಮಡಿಲಲ್ಲಿ ಎರಡು ಪಾತ್ರೆ, ಒಂದು ಚಾಪೆ.

“ಮನೆ ನಮ್ಮದೇ ಅಂತ ಧಣಿಗಳು ಬಾಯಿಬಿಟ್ಟು ಹೇಳಿದರಲ್ಲ,” ಎಂದು ಅವಳು ಬಸ್ಸಿನಲ್ಲಿ ಅತ್ತಳು. “ಮತ್ತೆ ಯಾಕೆ ಓಡುವುದು?”

“ಇನ್ನು ಮುಂದೆ ಅವರು ಹೆಸರು ಹೇಳಿದವರೆಲ್ಲ ಸಾಯಬೇಕು ಅಮ್ಮಣ್ಣಿ,” ಎಂದ ನೋಣಯ್ಯ. “ಸಾಯದಿದ್ದರೆ ನಾವು. ಸತ್ತರೆ, ಮತ್ತೊಂದು ಹೆಸರು ಹಿಡಿದುಕೊಂಡು ಬರ್ತಾರೆ.”