ಬಗ್ಗಡ ಮೇಡಂ ಮತ್ತು ಅವರ ನಾದಿನಿ

ಬಂದರಿನ ಹಳೆಯ ಗೋದಾಮಿನ ಮೇಲಂತಸ್ತಿನಲ್ಲಿದ್ದ ಆ ಕಚೇರಿಯಲ್ಲಿ ಎಲ್ಲರೂ ಅವರನ್ನು ಬಗ್ಗಡ ಮೇಡಂ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಕಚೇರಿಯ ದೋಣಿ ನಡೆಸುವವ. ಬೆನ್ನ ಹಿಂದೆ ಕರೆಯಲೆಂದು ಇಟ್ಟ ಹೆಸರು ಹೇಗೋ ಮುಂದಕ್ಕೆ ಬಂದುಬಿಟ್ಟಿತು. ಕೊನೆಗೆ ಫೋನ್ ಎತ್ತಿದರೆ ಅವರೇ "ಬಗ್ಗಡ ಮೇಡಂ ಮಾತಾಡ್ತಿರೋದು" ಎನ್ನುವಷ್ಟು ಅದು ಸಲೀಸಾಯಿತು.

ಬಿರುಗಾಳಿ ಬಂದುಹೋದ ಮೇಲೆ ಜನ ಹಾರಿದ ಹೆಂಚು, ಬಿದ್ದ ಮರ ನೋಡುತ್ತಾರೆ. ಮೇಡಂ ನೋಡುತ್ತಿದ್ದುದು ಸಮುದ್ರವನ್ನು, ಅದೂ ಆಕಾಶದಿಂದ. ಮೋಡ ಸರಿದ ಕೂಡಲೇ ಉಪಗ್ರಹ ತೆಗೆದ ಚಿತ್ರಗಳು ಅವರ ಕಂಪ್ಯೂಟರಿಗೆ ಬರುತ್ತಿದ್ದವು. ಅಲೆಗಳು ತಳ ಕಲಕಿ ಎಬ್ಬಿಸಿದ ಕೆಸರು, ಅಂದರೆ ಅವರ ಹೆಸರಿನ ಆ ಬಗ್ಗಡ, ಆ ಚಿತ್ರಗಳಲ್ಲಿ ನೀಲಿಯ ಮೇಲೆ ಚಹಾ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅದು ಎಲ್ಲಿ ಎದ್ದಿತು, ಎಷ್ಟು ದಟ್ಟವಾಗಿದೆ, ಯಾವ ಕಡೆ ಸಾಗುತ್ತಿದೆ ಎಂದು ಗುರುತು ಹಾಕಿ ಬಂದರಿನವರಿಗೂ ನೀರಿನ ಸ್ಥಾವರದವರಿಗೂ ತಿಳಿಸುವುದು ಅವರ ಕೆಲಸ. ಊರಿನ ಕುಡಿಯುವ ನೀರು ಬರುತ್ತಿದ್ದುದೇ ಆ ಸ್ಥಾವರದಿಂದ; ಸಮುದ್ರದ ನೀರನ್ನು ಕೊಳವೆಯಲ್ಲಿ ಎಳೆದು ಅಲ್ಲಿ ಉಪ್ಪು ತೆಗೆಯುತ್ತಿದ್ದರು. ಕೊಳವೆಗೆ ಕೆಸರು ನುಗ್ಗಿದರೆ ಸೋಸುವ ಪದರಗಳೆಲ್ಲ ಕಟ್ಟಿಕೊಂಡು ವಾರಗಟ್ಟಲೆ ನಲ್ಲಿ ಒಣಗುತ್ತಿತ್ತು.

ಮೇಡಂ ಈ ಕೆಲಸದಲ್ಲಿ ಹೆಸರು ಮಾಡಿದ್ದರು. ಗಾಳಿ ಬಂದ ಮರುದಿನ ಬಂದರಿನ ಕಪ್ತಾನರು ಮೊದಲು ಕೇಳುತ್ತಿದ್ದುದು, "ಮೇಡಂ ಏನಂದ್ರು?" ಆ ಪ್ರಶ್ನೆ ಅವರಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಅದನ್ನು ಬೇರೊಬ್ಬರ ಬಗ್ಗೆ ಕೇಳುವ ದಿನ ಬಂದೀತೆಂದು ಅವರಿಗೆ ಹೊಳೆದೇ ಇರಲಿಲ್ಲ.

ಬಂದಾಗ ಆ ಬೇರೊಬ್ಬರು ಬಂದದ್ದು ಸ್ವಂತ ಮನೆಯಿಂದಲೇ. ಮೇಡಂ ಮದುವೆಯಾಗಿ ಬಂದಾಗ ಗಂಡನ ತಂಗಿ ಇನ್ನೂ ಹಲ್ಲು ಬಿದ್ದ ಬಾಯಿಯ ಹುಡುಗಿ. ಅಪ್ಪ ಅಮ್ಮ ಇಲ್ಲದ ಆ ಮಗುವಿಗೆ ಜಡೆ ಹೆಣೆದವರು, ಜ್ವರ ಬಂದರೆ ಪಕ್ಕದಲ್ಲಿ ಕೂತವರು ಈ ಅತ್ತಿಗೆಯೇ. ಮನೆಯಲ್ಲಿ ಅವಳು ಪುಟ್ಟಿ. ಒಂದು ರಜೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಉಪಗ್ರಹದ ಚಿತ್ರ ಹರಡಿ, "ಇದು ನದಿ ತಂದ ಮಣ್ಣು, ಇದು ಅಲೆ ಎಬ್ಬಿಸಿದ್ದು, ಇದು ಬರೀ ಬಿಸಿಲಿನ ಮಿರುಗು" ಎಂದು ಕಲಿಸಿದವರೂ ಅವರೇ. ಹುಡುಗಿ ಬೇರೆ ಊರಿಗೆ ಹೋಗಿ ಅದೇ ವಿಷಯ ಓದಿದಳು, ದೊಡ್ಡ ಪದವಿ ಪಡೆದಳು, ಅದೇ ಕಚೇರಿಗೆ ಕೆಲಸಕ್ಕೆ ಸೇರಿ ಅಣ್ಣನ ಮನೆಗೇ ಇರಲು ಬಂದಳು. ಅತ್ತಿಗೆ ಸಂಭ್ರಮದಿಂದ ಅವಳಿಗೆ ಮುಂದಿನ ಕೋಣೆ ಬಿಟ್ಟುಕೊಟ್ಟರು. ಕಿಟಕಿಯ ಬಳಿಯಿದ್ದ ತಮ್ಮ ಮೇಜನ್ನು ಹಿಂದಿನ ಕೋಣೆಗೆ ತಾವೇ ತಳ್ಳಿಕೊಂಡು ಹೋದರು.

ಆಮೇಲೆ ಆ ಮೇಜಿನ ಮುಂದೆ ಕೂತಾಗಲೆಲ್ಲ ಎದುರಿಗೆ ಸಿಗುತ್ತಿದ್ದುದು ಪಕ್ಕದ ಮನೆಯ ಗೋಡೆ. ಮುಂದಿನ ಕೋಣೆಯಿಂದ ಅಣ್ಣ ತಂಗಿಯರ ನಗು ಕೇಳುತ್ತಿತ್ತು. ಯಜಮಾನರು ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುವವರು, ಹೆಂಡತಿಯ ಕೆಲಸದ ಬಗ್ಗೆ ಅಷ್ಟು ವರ್ಷದಲ್ಲಿ ಒಂದು ಪ್ರಶ್ನೆ ಕೇಳಿದವರಲ್ಲ. ಈಗ ಊಟಕ್ಕೆ ಕೂತರೆ ಸಾಕು, ಪುಟ್ಟಿ ಏನು ಕಂಡುಹಿಡಿದಳು, ಪುಟ್ಟಿಗೆ ಯಾರು ಏನೆಂದರು. ಮೇಡಂ ಬಡಿಸುತ್ತಾ ಹೂಂಗುಟ್ಟುತ್ತಿದ್ದರು. ಒಮ್ಮೆ ಯಜಮಾನರು, ಕೆಸರು ಕೆಂಪು ಬೆಳಕನ್ನು ಜಾಸ್ತಿ ಹಿಂದಕ್ಕೆ ಕಳಿಸುತ್ತದಂತೆ, ನಿನಗೆ ಗೊತ್ತಾ, ಎಂದು ಅವರನ್ನೇ ಕೇಳಿಬಿಟ್ಟರು. ಆ ದಿನ ಮೇಡಂ ಪಾತ್ರೆ ತೊಳೆದ ಸದ್ದು ಬೀದಿಗೆ ಕೇಳಿಸಿತು.

ಕಚೇರಿಯಲ್ಲಿ ಇನ್ನೂ ಕಷ್ಟ. ಮೇಡಂ ಒಂದು ದಿನವಿಡೀ ಕಣ್ಣಲ್ಲಿ ಕಣ್ಣಿಟ್ಟು ಬಿಡಿಸುತ್ತಿದ್ದ ಕೆಸರಿನ ಅಂಚುಗೆರೆಯನ್ನು ಪುಟ್ಟಿ ಬರೆದ ಪ್ರೋಗ್ರಾಮು ಚಹಾ ಆರುವುದರೊಳಗೆ ಬಿಡಿಸುತ್ತಿತ್ತು. ತಪ್ಪು ಹುಡುಕಲೆಂದೇ ಮೇಡಂ ಅವಳ ನಕ್ಷೆಗಳನ್ನು ತೆರೆದು ನೋಡುತ್ತಿದ್ದರು. ಸಿಗದಿದ್ದರೆ ಹೊಟ್ಟೆಯೊಳಗೆ ಉರಿ. ಸಿಕ್ಕರೆ ಇನ್ನೂ ಕೆಟ್ಟದ್ದು: ಪುಟ್ಟಿ ಮುಖ ಅರಳಿಸಿಕೊಂಡು, "ಹೌದಲ್ವಾ ಅತ್ತಿಗೆ, ಒಳ್ಳೇದಾಯ್ತು ಹೇಳಿದ್ರಿ" ಎಂದು ಆಗಲೇ ತಿದ್ದಿಬಿಡುತ್ತಿದ್ದಳು. ಜಗಳಕ್ಕೂ ಒದಗದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ಸೀ-ಸಾ ಹಲಗೆಯ ಮೇಲೆ ಒಬ್ಬರೇ ಕೂತು ಆಡಿದ ಹಾಗೆ. ತಾವು ಎತ್ತಿ ಆಡಿಸಿದ ಮಗುವಿನ ಏಳಿಗೆ ಸಹಿಸಲಾರೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಮೇಡಂ ಬಾಯಿಗೆ ಬೀಗ ಹಾಕಿಕೊಂಡು, ಆಸಿಡಿಟಿ ಮಾತ್ರೆ ನುಂಗಿಕೊಂಡು ಓಡಾಡಿದರು.

ಆ ವರ್ಷದ ಕೊನೆಯ ಬಿರುಗಾಳಿ ದಡಕ್ಕೆ ಬಡಿಯದೆ, ದೂರದಲ್ಲೇ ನಿಧಾನವಾಗಿ ಹಾದುಹೋಯಿತು. ಊರಿನವರು ಬಚಾವಾದೆವು ಎಂದುಕೊಂಡರು. ಮೋಡ ಹರಿದ ಮೇಲೆ ಬಂದ ಚಿತ್ರದಲ್ಲಿ ದಡದ ನೀರು ತಿಳಿಯಾಗಿಯೇ ಇತ್ತು. ಆದರೆ ದಡದಿಂದ ಸಾಕಷ್ಟು ಆಚೆ, ನಡುನೀರಿನೊಳಗೆ ಮುಳುಗಿರುವ ದಿಬ್ಬದ ಹತ್ತಿರ, ಮಸುಕಾದ ಒಂದು ಪಟ್ಟೆ ಹೊಳೆಯುತ್ತಿತ್ತು.

ಅದು ಕೆಸರು, ಸ್ಥಾವರದ ಕೊಳವೆಯ ಕಡೆಗೇ ಬರುತ್ತಿದೆ, ನಾಳೆಯೊಳಗೆ ಕೊಳವೆ ಮುಚ್ಚಬೇಕು ಎಂದಳು ಪುಟ್ಟಿ. ಬಿಸಿಲಿನ ಮಿರುಗು ಅಷ್ಟೇ ಎಂದರು ಮೇಡಂ. ತಾವು ಕಂಡ ಯಾವ ಬಿರುಗಾಳಿಯಲ್ಲೂ ಕೆಸರು ದಡ ಹಿಡಿದೇ ಹರಿದದ್ದು, ನದಿಯೂ ಇಲ್ಲದ ದಡವೂ ಇಲ್ಲದ ನಡುನೀರಿನಲ್ಲಿ ಅದು ಎಲ್ಲಿಂದ ಉದುರುತ್ತದೆ ಎಂದು ಸಭೆಯಲ್ಲಿ ಎಲ್ಲರ ಮುಂದೆ ಕೇಳಿದರು. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಪುಟ್ಟಿ ಇನ್ನೊಂದು ಚಿತ್ರ ತೆರೆದಳು. ಅದೇ ದಿನ ಬೇರೆ ಉಪಗ್ರಹ ಮಧ್ಯಾಹ್ನ ತೆಗೆದದ್ದು. ಮಿರುಗಾಗಿದ್ದರೆ ಸೂರ್ಯ ಸರಿದಂತೆ ಮಾಯವಾಗಬೇಕಿತ್ತು, ಇದು ಹಾಗೇ ಇದೆ, ಸ್ವಲ್ಪ ಮುಂದಕ್ಕೆ ಸರಿದಿದೆ ಎಂದಳು. ಬಂದರಿನ ಕಾಲುವೆಯಿಂದ ತೆಗೆದ ಹೂಳನ್ನು ವರ್ಷಗಳಿಂದ ಆ ದಿಬ್ಬದ ಪಕ್ಕ ಸುರಿಯುತ್ತಿದ್ದರು. ನಿಧಾನದ ಬಿರುಗಾಳಿಯ ಉದ್ದನೆಯ ಅಲೆಗಳು ಅದನ್ನು ತಳದಿಂದ ಎಬ್ಬಿಸಿವೆ ಎಂಬುದು ಅವಳ ಲೆಕ್ಕ.

ಆ ಕ್ಷಣವೇ ಮೇಡಂಗೆ ಒಳಗೊಳಗೆ ಗೊತ್ತಾಯಿತು, ಹುಡುಗಿ ಹೇಳುವುದು ಸರಿ ಇರಬಹುದು. ಕಪ್ತಾನರು ಪುಟ್ಟಿಯ ಕಡೆಗೇ ತಿರುಗಿ ಕೂತಿದ್ದರು. ಮೇಡಂ, ಚಿತ್ರ ನಂಬಿ ಇಡೀ ಊರಿನ ನೀರು ನಿಲ್ಲಿಸುವುದು ಬೇಡ, ನಾನೇ ದೋಣಿಯಲ್ಲಿ ಹೋಗಿ ನೋಡಿ ಬರುತ್ತೇನೆ ಎಂದು ಎದ್ದು ನಿಂತರು. ಕೇಳಿದವರಿಗೆ ಅದು ಜವಾಬ್ದಾರಿಯ ಮಾತಾಗಿ ಕಂಡಿತು. ಮನಸ್ಸಿನಲ್ಲಿ ಮಾತ್ರ ಮೇಡಂ, ನೀರು ತಿಳಿಯಾಗಿರಲಿ, ಇವಳು ಒಮ್ಮೆ ಎಲ್ಲರೆದುರು ತಪ್ಪಲಿ ಎಂದು ಹರಕೆ ಹೊತ್ತವರ ಹಾಗೆ ಬೇಡಿಕೊಳ್ಳುತ್ತಿದ್ದರು. ನಾನೂ ಬರ್ತೀನಿ ಎಂದಳು ಪುಟ್ಟಿ.

ಗಾಳಿ ನಿಂತಿದ್ದರೂ ಅಲೆಗಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಬಂದರಿನ ಬಾಯಿ ದಾಟುತ್ತಲೇ ಪುಟ್ಟಿಯ ಮುಖ ಬಿಳುಚಿತು, ಆಮೇಲೆ ಅವಳು ದೋಣಿಯ ಅಂಚಿಗೆ ತಲೆ ಕೊಟ್ಟು ಕಾರಿಕೊಂಡದ್ದೇ ಕಾರಿಕೊಂಡದ್ದು. ಮೇಡಂ ಹಗ್ಗ ಹಿಡಿದು ನೆಟ್ಟಗೆ ನಿಂತಿದ್ದರು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವರ ಎದೆ ಹಗುರಾಯಿತು. ನೀರಿನ ಬಾಟಲಿ ಕೊಟ್ಟರು, ಬೆನ್ನು ಸವರಿದರು, ಇದಕ್ಕೆಲ್ಲ ಅಭ್ಯಾಸ ಬೇಕಮ್ಮ ಎಂದರು. ದೋಣಿಯವನು ಅವರ ಮುಖ ನೋಡಿ ತಿರುಗಿಕೊಂಡ.

ದಿಬ್ಬಕ್ಕಿಂತ ಈಚೆಗೇ ದೋಣಿ ನಿಲ್ಲಿಸಿದರು. ನೀರಿನ ಮೇಲ್ಮೈ ಬೂದು ಆಕಾಶವನ್ನೇ ತೋರಿಸುತ್ತಿದ್ದುದರಿಂದ ಬರಿಗಣ್ಣಿಗೆ ಏನೂ ಗೊತ್ತಾಗುವಂತಿರಲಿಲ್ಲ. ಬಗ್ಗಡ ಅಳೆಯುವ ಕಪ್ಪು ಬಿಳುಪಿನ ತಟ್ಟೆಯನ್ನು ಮೇಡಂ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ತಿಳಿನೀರಿನಲ್ಲಿ ಆ ತಟ್ಟೆ ಆಳಕ್ಕೆ ಹೋಗುವವರೆಗೂ ಕಾಣುತ್ತಿರುತ್ತದೆ. ಇಲ್ಲಿ ನೀರು ಮುಟ್ಟಿ ಮೊಳದಷ್ಟು ಇಳಿಯುವುದರೊಳಗೆ ಮಾಯವಾಯಿತು. ಮೇಲೆಳೆದು ಮತ್ತೆ ಬಿಟ್ಟರು. ಮತ್ತೆ ಅದೇ.

ಪುಟ್ಟಿ ಕಣ್ಣು ಮುಚ್ಚಿ ಅಂಚಿಗೆ ಒರಗಿದ್ದಳು. ದೋಣಿಯವನು ಎಂಜಿನ್ನಿನ ಹತ್ತಿರ ಇದ್ದ. ಹಗ್ಗ ಇದ್ದದ್ದು ಮೇಡಂ ಕೈಯಲ್ಲಿ ಮಾತ್ರ.

"ಎಷ್ಟು ಆಳ ಕಾಣ್ತು, ಅತ್ತಿಗೆ?" ಎಂದಳು ಪುಟ್ಟಿ.

ಮೇಡಂ ಹಗ್ಗ ಸುತ್ತತೊಡಗಿದರು. ಚೆನ್ನಾಗಿ ಕಾಣ್ತು ಎಂಬ ಎರಡು ಮಾತು ನಾಲಿಗೆಯ ತುದಿಯಲ್ಲೇ ಕೂತಿತ್ತು. ಆಮೇಲೆ ಏನಾಗುತ್ತದೆ ಎಂಬುದೂ ಕಣ್ಣ ಮುಂದೆ ಬಂತು: ಕೊಡ ಹಿಡಿದು ಬೀದಿಯಲ್ಲಿ ನಿಂತ ಜನ, ಆಸ್ಪತ್ರೆಯ ಒಣಗಿದ ನಲ್ಲಿ, ತಲೆ ತಗ್ಗಿಸಿದ ಪುಟ್ಟಿ. ಆ ಕೊನೆಯ ಚಿತ್ರದ ಮೇಲೆ ಮನಸ್ಸು ಒಂದಿಷ್ಟು ಹೊತ್ತು ನಿಂತಿತು. ಹಾಗೆ ನಿಂತದ್ದಕ್ಕೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

"ಕಾಣ್ಲೇ ಇಲ್ಲ," ಎಂದರು. "ಪೂರ್ತಿ ಕೆಸರು. ನೀನು ಹೇಳಿದ್ದೇ ಸರಿ."

ಬೈದ ಹಾಗಿತ್ತು ಆ ದನಿ. ಬಾಟಲಿಗಳಿಗೆ ನೀರು ತುಂಬಿಕೊಂಡು, ಅಲ್ಲಿಂದಲೇ ರೇಡಿಯೋದಲ್ಲಿ ಸ್ಥಾವರದವರಿಗೆ ಕೊಳವೆ ಮುಚ್ಚಿ ಎಂದು ಹೇಳಿದವರೂ ಅವರೇ.

ಕೊಳವೆ ಮುಚ್ಚಿದರು. ಕೂಡಿಟ್ಟ ನೀರನ್ನು ಹೊತ್ತು ಗೊತ್ತು ಮಾಡಿ ಬಿಟ್ಟರು. ತಿಳಿಯಾಗಿದ್ದ ದಡದಲ್ಲಿ ನಿಂತು ಜನ ಈ ಕಚೇರಿಯವರಿಗೆ ತಲೆ ಕೆಟ್ಟಿದೆ ಎಂದು ಬೈದರು. ಮರುದಿನ ಮಧ್ಯಾಹ್ನ ಕೊಳವೆಯ ಬಾಯಿಯ ಸುತ್ತ ನೀರು ಗೋಧಿಬಣ್ಣಕ್ಕೆ ತಿರುಗಿದ ಮೇಲೆ ಬೈಗುಳ ನಿಂತಿತು. ಕಪ್ತಾನರು ಪುಟ್ಟಿಯ ಕೈ ಕುಲುಕಿದರು. ಇನ್ನು ಮುಂದೆ ಚಿತ್ರಗಳ ಪೂರ್ತಿ ಹೊಣೆ ಅವಳದೇ ಎಂದಾಯಿತು.

ಪುಟ್ಟಿ ಈ ಬಗ್ಗೆ ಒಂದು ವರದಿ ಬರೆದು, ಅತ್ತಿಗೆಯ ಹೆಸರನ್ನು ತನ್ನದಕ್ಕಿಂತ ಮೊದಲು ಹಾಕಿದಳು. ಮೇಡಂಗೆ ಇದಕ್ಕಿಂತ ದೊಡ್ಡ ಏಟು ಬೇಕಿರಲಿಲ್ಲ. ಸಂಜೆ ಮುಂದಿನ ಕೋಣೆಗೆ ನುಗ್ಗಿದರು. ಯಜಮಾನರೂ ಅಲ್ಲೇ ಕೂತಿದ್ದರು.

"ನನ್ನ ಹೆಸರು ತೆಗಿ. ನಿನ್ನ ಭಿಕ್ಷೆ ನನಗೆ ಬೇಡ."

"ಭಿಕ್ಷೆ ಅಲ್ಲ ಅತ್ತಿಗೆ. ನೀರು ನೋಡಿದ್ದು ನೀವು."

"ನೀನು ತಪ್ಪಲಿ ಅಂತ ಹೋದೆ ನಾನು. ಗೊತ್ತಾ ನಿನಗೆ? ನೀನು ಬಂದಾಗಿಂದ ನನಗೆ ಹೊಟ್ಟೆಕಿಚ್ಚು. ನೀನು ನಕ್ಕರೆ ಹೊಟ್ಟೆಕಿಚ್ಚು, ನಿಮ್ಮಣ್ಣ ನಿನ್ನ ಹೊಗಳಿದರೆ ಹೊಟ್ಟೆಕಿಚ್ಚು."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಪುಟ್ಟಿ, "ಗೊತ್ತು ಅತ್ತಿಗೆ," ಎಂದಳು. "ದೋಣಿಯಲ್ಲಿ ನಾನು ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ತಟ್ಟೆ ಮುಳುಗಿದ್ದು ನೋಡಿದ್ದೆ. ನೀವು ಏನಂತೀರ ಅಂತ ಕಾಯ್ತಿದ್ದೆ."

ಮೇಡಂ ಕುರ್ಚಿ ಎಳೆದು ಕೂತರು. ತಮ್ಮನ್ನು ಇವಳು ಪರೀಕ್ಷೆಗೆ ಕೂರಿಸಿದಳೆಂಬ ಸಿಟ್ಟು, ತಾವು ಪಾಸಾದೆವೆಂಬ ಸಮಾಧಾನ, ಎರಡೂ ಒಟ್ಟಿಗೆ ಬಂದು ಕಣ್ಣಲ್ಲಿ ನೀರಾಯಿತು. ಅಳುತ್ತಲೇ, ನೀನು ಬೇರೆ ಮನೆ ಹುಡುಕಿಕೋ, ಒಂದೇ ಮೇಜಿನಲ್ಲಿ ಉಂಡು ಒಂದೇ ಕಚೇರಿಯಲ್ಲಿ ಕೂರುವುದು ನನ್ನ ಕೈಲಾಗದು ಎಂದರು. ಪುಟ್ಟಿ ಬೇಜಾರು ಮಾಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಬಹಳ ನೊಂದಳು, ಯಜಮಾನರು ಒಂದು ವಾರ ಹೆಂಡತಿಯ ಜೊತೆ ಮಾತು ಬಿಟ್ಟರು. ಆದರೂ ಅವಳು ಎರಡು ಬೀದಿ ಆಚೆ ಒಂದು ಸಣ್ಣ ಮನೆ ಹಿಡಿದಳು. ಪರದೆ ಹೊಲಿದುಕೊಟ್ಟವರು ಮೇಡಂ; ಅಳತೆ ತಪ್ಪಿ ಅದು ನೆಲಕ್ಕೆ ಮುಟ್ಟಲಿಲ್ಲ.

ವರದಿಯಲ್ಲಿ ಹೆಸರು ಹಾಗೇ ಉಳಿಯಿತು. ಹೊಟ್ಟೆಕಿಚ್ಚೂ ಉಳಿಯಿತು. ಪುಟ್ಟಿಯನ್ನು ಭಾಷಣಕ್ಕೆ ದೂರದ ಊರುಗಳಿಗೆ ಕರೆದಾಗಲೆಲ್ಲ ಮೇಡಂ ಮೂಗು ಮುರಿಯುತ್ತಾರೆ, ಅದನ್ನು ಈಗ ಅವಳ ಎದುರಿಗೇ ಮಾಡುತ್ತಾರೆ. ದೋಣಿಯ ಕೆಲಸವನ್ನು ಕೇಳಿ ಪಡೆದುಕೊಂಡು, ಗಾಳಿ ನಿಂತ ಮೇಲೆ ನೀರಿನ ಮಾದರಿ ತರಲು ತಾವೇ ಹೋಗುತ್ತಾರೆ. ತಂದ ಬಾಟಲಿಗಳನ್ನು ಪುಟ್ಟಿಯ ಮುಂದೆ ಕುಕ್ಕಿ, ನಿನ್ನ ಚಿತ್ರದಲ್ಲಿ ಇದು ಎಲ್ಲಿದೆ ತೋರಿಸು ನೋಡೋಣ ಎನ್ನುತ್ತಾರೆ. ಅವಳು ತೋರಿಸುತ್ತಾಳೆ, ಇವರು ಒಪ್ಪುವುದಿಲ್ಲ, ದನಿ ಏರುತ್ತದೆ. ಕಪ್ತಾನರು ಎದ್ದು ಬಂದು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಒಳಗೆ ಅತ್ತಿಗೆ ನಾದಿನಿಯರ ವಾದ ಊಟದ ಹೊತ್ತಿನವರೆಗೂ ನಡೆಯುತ್ತದೆ.