ನಂಬರ್ ಬೀಗದ ಹುಚ್ಚು

ಕಳೆದ ತಿಂಗಳು ನನ್ನ ಮಗಳು ಶ್ರೇಯಾ ಕಾಲೇಜಿನ ಪ್ರವಾಸಕ್ಕೆಂದು ಲಾಫ್ಟಿನಿಂದ ಹಳೆಯ ಸೂಟ್‌ಕೇಸ್ ಇಳಿಸಿದಳು. ಜಿಪ್ಪಿಗೆ ಮೂರು ಚಕ್ರಗಳ ಪುಟ್ಟ ನಂಬರ್ ಬೀಗ ನೇತಾಡುತ್ತಿತ್ತು. ನಂಬರ್ ಯಾರಿಗೂ ನೆನಪಿಲ್ಲ. ಮನೆಯವರೆಲ್ಲರ ಹುಟ್ಟಿದ ದಿನಗಳನ್ನು ಹೆಂಡತಿ ತಿರುಗಿಸಿ ನೋಡಿ ಸೋತಳು. ನಾನು ಪೇಪರ್ ಬದಿಗಿಟ್ಟು ಬೀಗವನ್ನು ತೊಡೆಯ ಮೇಲಿಟ್ಟುಕೊಂಡೆ. ಕೊಂಡಿಯನ್ನು ಒಂದು ಬೆರಳಿನಿಂದ ಜಗ್ಗಿ ಹಿಡಿದು ಚಕ್ರಗಳನ್ನು ಒಂದೊಂದಾಗಿ ತಿರುಗಿಸಿದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಬಿಚ್ಚಿತು.

"ಪಪ್ಪಾ, ನೀವು ಪಕ್ಕಾ ಚೋರ್ ಆಗಬಹುದಿತ್ತು" ಎಂದು ಶ್ರೇಯಾ ನಕ್ಕಳು. ನಾನೂ ನಕ್ಕೆ. ಆಮೇಲೆ ಪೇಪರ್ ಓದಲಾಗಲಿಲ್ಲ.

ಈ ವಿದ್ಯೆ ನನಗೆ ಬಂದದ್ದು ಬಸವರಾಜನಿಂದ. ಅಂಧೇರಿ ಪೂರ್ವದಲ್ಲಿ ಔಷಧದ ಬಾಟಲಿಗಳಿಗೆ ಮುಚ್ಚಳ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರಿನ ಗುಮಾಸ್ತ, ಅವನು ಯಂತ್ರ ರಿಪೇರಿಯ ಫಿಟ್ಟರ್. ಅವನು ವಿಜಯಪುರದ ಕಡೆಯವನು, ನಾನು ಧಾರವಾಡದವನು. ಊರಿನಲ್ಲಿದ್ದಿದ್ದರೆ ಒಬ್ಬರಿಗೊಬ್ಬರು ಪರಿಚಯವಾಗುತ್ತಲೇ ಇರಲಿಲ್ಲವೇನೋ. ಮುಂಬೈಯಲ್ಲಿ ಜೋಳದ ರೊಟ್ಟಿಯ ಡಬ್ಬಿ ತೆರೆದವರು ಯಾರೆಂದು ತಿರುಗಿ ನೋಡುವುದೇ ಗೆಳೆತನಕ್ಕೆ ಸಾಕಾಗುತ್ತದೆ. ಮೊದಲ ವಾರವೇ ಅವನು ನನ್ನನ್ನು "ದೋಸ್ತ" ಎಂದು ಕರೆಯತೊಡಗಿದ.

ಅವನಿಗೆ ನಂಬರ್ ಬೀಗಗಳ ಹುಚ್ಚು. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ. ಭಾನುವಾರ ಫುಟ್‌ಪಾತಿನ ಗುಜರಿ ಅಂಗಡಿಗಳಲ್ಲಿ ನಂಬರ್ ಕಳೆದುಹೋದ ಬೀಗಗಳನ್ನು ಹುಡುಕಿ ತರುತ್ತಿದ್ದ. ನಾನೂ ಜೊತೆಗೆ ಹೋಗುತ್ತಿದ್ದೆ. ಮನೆಯಲ್ಲಿ ಹೆಂಡತಿಗೆ ತರಕಾರಿ ತರುತ್ತೇನೆ ಎಂದು ಹೇಳಿ ಹೋದವನು ತುಕ್ಕು ಹಿಡಿದ ಬೀಗ ತಂದು ಬೈಸಿಕೊಂಡದ್ದೂ ಉಂಟು. ಮಧ್ಯಾಹ್ನದ ಊಟವಾದ ಮೇಲೆ ಕ್ಯಾಂಟೀನಿನ ಮೂಲೆಯಲ್ಲಿ ನಮ್ಮ ಪಾಠ.

"ಅಗ್ಗದ ಕೀಲಿ ಮಾಡವ್ರು ಮೂರೂ ಗಾಲಿ ಒಂದs ನಮೂನಿ ಮಾಡಂಗಿಲ್ಲ, ದೋಸ್ತ" ಎನ್ನುತ್ತಿದ್ದ. "ಕೊಂಡಿ ಜಗ್ಗಿದ್ರ ಒಂದು ಗಾಲಿ ಮೊದಲ ಬಿಗೀತೈತಿ. ಅದನ್ನ ಹಿಡಿ. ಅದು ತನ್ನ ನಂಬರ್ ತಾನs ಹೇಳ್ತೈತಿ. ಕಣ್ಣು ಮುಚ್ಚಿ ಕೇಳು."

ಅವನ ಬೆರಳಿಗೆ ಕಿವಿಯಿತ್ತು. ನನ್ನ ಬೆರಳು ಪೆನ್ನು ಹಿಡಿದು ಮೊದ್ದಾಗಿತ್ತು. ಒಂದು ಬೀಗ ಬಿಚ್ಚಲು ಮೂರು ತಿಂಗಳು ಹಿಡಿಯಿತು. ಬಿಚ್ಚಿದ ದಿನ ಅವನು ಇಡೀ ಮೇಜಿಗೆ ಕಟಿಂಗ್ ಚಹಾ ಕುಡಿಸಿದ. ಆಮೇಲೆ ನನಗೂ ಹುಚ್ಚು ಹತ್ತಿತು. ಲೋಕಲ್ ರೈಲಿನಲ್ಲಿ ನಿಂತಾಗ ಮುಂದಿನವರ ಬ್ಯಾಗಿನ ಬೀಗವೇ ಕಾಣುತ್ತಿತ್ತು. ಬಿಚ್ಚಬೇಕೆಂದಲ್ಲ. ಇದು ಎಷ್ಟು ಹೊತ್ತು ತಡೆದೀತು ಎಂಬ ಲೆಕ್ಕ. ಪದಬಂಧ ಬಿಡಿಸುವವನಿಗೆ ಬೇರೆಯವರ ಪದಬಂಧ ಕಂಡ ಹಾಗೆ, ಅಷ್ಟೇ.

ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳ ಹಾಲ್‌ಗೆ ಹೋಗುವ ಮುಂಚೆ ಎಲ್ಲರೂ ಮೈಮೇಲಿನ ಬಂಗಾರ, ಜೇಬಿನ ಫೋನು ಎಲ್ಲವನ್ನೂ ಲಾಕರಿನಲ್ಲಿ ಇಡಬೇಕಿತ್ತು. ಕೀಲಿಕೈಯನ್ನೂ ಒಳಗೆ ಒಯ್ಯುವಂತಿಲ್ಲ. ಅದಕ್ಕೇ ಒಮ್ಮೆ ಕಂಪನಿ ಎಲ್ಲರಿಗೂ ಹೊಸ ನಂಬರ್ ಬೀಗ ಕೊಟ್ಟಿತು. ಬಸವರಾಜ ತನ್ನದನ್ನು ಅಲ್ಲಿಯೇ ನಿಂತು ಕಣ್ಣು ಮುಚ್ಚಿ ಬಿಚ್ಚಿದ. ಅವನ ಮುಖ ಸಪ್ಪಗಾಯಿತು.

"ಹೆಣ್ಮಕ್ಳು ತಾಳಿ ತಗದು ಇದರಾಗ ಇಟ್ಟು ಹೋಗ್ತಾರ. ಹೇಳಬೇಕಪಾ ಇದನ್ನ" ಎಂದ.

ಹೇಳುವ ಕೆಲಸ ನನಗೆ ಬಂತು, ಏಕೆಂದರೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದರಲ್ಲಿ ನನಗೆ ಹೆಸರಿತ್ತು. ಈ ಬೀಗ ಬಿಚ್ಚುವುದು ಸುಲಭ, ಬೇರೆ ತರಿಸಿರಿ ಎಂಬ ಎರಡು ಸಾಲಿನ ಮಾತನ್ನು ಒಂದು ಪುಟಕ್ಕೆ ಎಳೆದೆ. ಕೆಳಗೆ ಇಬ್ಬರೂ ಸಹಿ ಹಾಕಿದೆವು. ಆಡಳಿತ ವಿಭಾಗದ ಸಾಹೇಬರು ಓದಿ, ಬಿಚ್ಚಿ ತೋರಿಸು ಎಂದರು. ಅವರ ಮೇಜಿನ ಮೇಲೆಯೇ ಬಸವರಾಜ ಬಿಚ್ಚಿದ. "ಅರೇ ವಾ, ಕಲಾಕಾರ್ ಹೈ ತೂ" ಎಂದು ನಕ್ಕು ಸಾಹೇಬರು ಅರ್ಜಿಯನ್ನು ಫೈಲಿಗೆ ಹಾಕಿದರು. ಬೀಗಗಳು ಹಾಗೆಯೇ ಉಳಿದವು.

ಐದಾರು ತಿಂಗಳು ಕಳೆದಿರಬೇಕು. ಪ್ಯಾಕಿಂಗ್ ವಿಭಾಗದ ಸವಿತಾತಾಯಿಯ ಮಂಗಳಸೂತ್ರ ಲಾಕರಿನಿಂದ ಕಾಣೆಯಾಯಿತು. ಬೀಗ ಒಡೆದಿರಲಿಲ್ಲ, ಹಾಕಿದ್ದು ಹಾಕಿದಂತೆಯೇ ಇತ್ತು. ಆಕೆ ನೆಲದ ಮೇಲೆ ಕುಳಿತು ಖಾಲಿ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡು ಅಳುತ್ತಿದ್ದರು. ಮರುದಿನ ಬೆಳಿಗ್ಗೆ ಸಾಹೇಬರು ನನ್ನನ್ನು ಕರೆಸಿದರು. ಮೇಜಿನ ಮೇಲೆ ನಮ್ಮ ಅರ್ಜಿಯಿತ್ತು.

"ಯೇ ಸೈನ್ ಆಪ್ಕಾ ಹೈ ನಾ?"

ನನ್ನದೇ ಸಹಿ. ಆ ವರ್ಷ ನಾನು ಸ್ಟೋರ್‌ಕೀಪರ್ ಆಗುವುದಿತ್ತು. ಶ್ರೇಯಾ ಎರಡನೆಯ ಇಯತ್ತೆಯಲ್ಲಿದ್ದಳು. ಇವನ್ನು ನೆಪವಾಗಿ ಹೇಳುತ್ತಿಲ್ಲ. ಆ ಕ್ಷಣದಲ್ಲಿ ಇವ್ಯಾವೂ ನೆನಪಿಗೆ ಬಂದಿರಲೇ ಇಲ್ಲ. ಆ ಕೋಣೆಯಿಂದ ಹೊರಗೆ ಬಂದರೆ ಸಾಕಾಗಿತ್ತು.

"ಸರ್, ಮೈನೆ ಸಿರ್ಫ್ ಲೆಟರ್ ಲಿಖಾ. ತಾಲಾ ಖೋಲ್ನಾ ಉಸ್ಕಾ ಶೌಕ್ ಹೈ" ಎಂದೆ. ಅರ್ಜಿಯಷ್ಟೇ ನನ್ನದು, ಬೀಗ ಬಿಚ್ಚುವ ಶೋಕಿ ಅವನದು.

ನಿಮಗೆ ಬಿಚ್ಚಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರು ಎರಡೂ ಮಾತನ್ನು ಬರೆದುಕೊಂಡು ನನ್ನಿಂದ ಸಹಿ ಹಾಕಿಸಿಕೊಂಡರು. ಮೊದಲನೆಯದು ಅರ್ಧ ಸುಳ್ಳು, ಎರಡನೆಯದು ಪೂರ್ತಿ. ಎರಡಕ್ಕೂ ಸೇರಿ ನಾಲ್ಕು ನಿಮಿಷ ಹಿಡಿದಿರಬೇಕು.

ಆಮೇಲೆ ಬಸವರಾಜನನ್ನು ಕರೆದರು. ಪೊಲೀಸರಿಗೆ ಹೇಳುವುದಿಲ್ಲ, ರಾಜೀನಾಮೆ ಕೊಡು ಎಂದರಂತೆ. ಮಧ್ಯಾಹ್ನ ಅವನು ಊಟದ ಡಬ್ಬಿ ಹಿಡಿದು ಗೇಟಿನ ಕಡೆ ಹೋಗುತ್ತಿದ್ದಾಗ ಸ್ಟೋರಿನ ಬಾಗಿಲಲ್ಲಿ ನಿಂತ.

"ನೀ ಏನಂತ ಹೇಳಿದಿ, ದೋಸ್ತ?"

"ಇದ್ದದ್ದನ್ನ ಹೇಳ್ದೆ" ಎಂದೆ.

ಅವನು ನನ್ನ ಮುಖ ನೋಡಿದ. ಕೈಲಿದ್ದ ಬೀಗದ ಚಕ್ರ ಬಿಗಿಯುವುದೇ ಎಂದು ಕಾಯುವಾಗ ಹೀಗೆಯೇ ನೋಡುತ್ತಿದ್ದ. ಆಮೇಲೆ ಹೊರಟುಹೋದ. ವಿಕ್ರೋಳಿಯಲ್ಲಿ ಅವನಿದ್ದ ಚಾಳ್‌ನ ಮನೆಗಳಿಗೂ ಸುದ್ದಿ ಮುಟ್ಟಿತೆಂದೂ, ಬೇರೆ ಕಾರ್ಖಾನೆಗಳವರು ನಮ್ಮಲ್ಲಿಗೆ ಫೋನ್ ಮಾಡಿ ವಿಚಾರಿಸಿ ಅವನನ್ನು ಬೇಡವೆಂದರೆಂದೂ ಕೇಳಿದೆ. ಕೇಳಿ ಸುಮ್ಮನಿದ್ದೆ. ಆ ವರ್ಷ ನಾನು ಸ್ಟೋರ್‌ಕೀಪರ್ ಆದೆ.

ಇನ್ನೂ ಇದೆ, ಕೇಳಿ. ಮರುವರ್ಷ ಹಳೆಯ ಲಾಕರುಗಳನ್ನು ಕಿತ್ತು ಹೊಸತು ಹಾಕಿದರು. ಸವಿತಾತಾಯಿಯ ಲಾಕರಿನ ಹಿಂಬದಿಯ ತಗಡು ಬೆಸುಗೆ ಬಿಟ್ಟಿತ್ತು. ಆ ಸಂದಿಯಿಂದ ಜಾರಿದ ಮಂಗಳಸೂತ್ರ ತಳದ ಧೂಳಿನಲ್ಲಿ ಬಿದ್ದಿತ್ತು. ಕಳ್ಳತನ ನಡೆದೇ ಇರಲಿಲ್ಲ. ಆ ಬೀಗವನ್ನು ಸವಿತಾತಾಯಿಯ ಹೊರತು ಯಾರೂ ಬಿಚ್ಚಿರಲಿಲ್ಲ. ಆಕೆ ಮಂಗಳಸೂತ್ರವನ್ನು ಕಣ್ಣಿಗೊತ್ತಿಕೊಂಡು ಅತ್ತರು. ಸಾಹೇಬರು "ಚಲೋ, ಮಿಲ್ ಗಯಾ" ಎಂದು ಒಳಗೆ ಹೋದರು. ಬಸವರಾಜನ ಹೆಸರನ್ನು ಯಾರೂ ಎತ್ತಲಿಲ್ಲ. ಲಾಕರು ಎಣಿಸಿಕೊಳ್ಳಲು ಪಟ್ಟಿ ಹಿಡಿದು ಅಲ್ಲಿಯೇ ನಿಂತಿದ್ದ ನಾನೂ ಎತ್ತಲಿಲ್ಲ. ಈ ಭಾನುವಾರ ವಿಕ್ರೋಳಿಗೆ ಹೋಗಿ ಹೇಳೋಣ ಎಂದುಕೊಂಡೆ. ಭಾನುವಾರ ಬಂತು, ನಾನು ಹೋಗಲಿಲ್ಲ. ಹೀಗೆ ಹನ್ನೊಂದು ವರ್ಷ ಕಳೆಯಿತು. ಈ ನಡುವೆ ಕಾರ್ಖಾನೆಯೂ ಮುಚ್ಚಿತು. ಯಾರಾದರೂ ಹಳೆಯ ಮಾತು ತೆಗೆದರೆ "ಪಾಪ, ಕಂಪನಿ ಒಬ್ಬ ಒಳ್ಳೆಯವನನ್ನು ಹೊರಗೆ ಹಾಕಿತು" ಎಂದು ನಾನೇ ಮರುಗುತ್ತಿದ್ದೆ.

ಶ್ರೇಯಾ ಪ್ರವಾಸಕ್ಕೆ ಹೋದ ಮೇಲಿನ ಭಾನುವಾರ ವಿಕ್ರೋಳಿಗೆ ಹೋದೆ. ವಿಚಾರಿಸಿದರೆ ಸ್ಟೇಷನ್ನಿನ ಬಳಿಯ ಗಲ್ಲಿಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ತೋರಿಸಿದರು. ಕೂದಲು ನರೆತ ಬಸವರಾಜ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಒಂದು ಯಂತ್ರವನ್ನು ಅಂಗಾತ ಮಲಗಿಸಿ ಎಣ್ಣೆ ಬಿಡುತ್ತಿದ್ದ. ತಲೆಯೆತ್ತಿ ನೋಡಿದ. ಗುರುತು ಹಿಡಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ.

"ಬರ್ರಿ ಸರ. ಕೂಡ್ರಿ" ಎಂದ.

ಕಾರ್ಖಾನೆಯಲ್ಲಿ ಜೊತೆಗಿದ್ದಷ್ಟು ಕಾಲ ನೀನು, ದೋಸ್ತ ಎಂದು ಕೇಳಿದ್ದ ಕಿವಿಗೆ ಆ ಬಹುವಚನ ಬಿತ್ತು. ಬೈದಿದ್ದರೆ ಕೂರಬಹುದಿತ್ತು. ನಾನು ನಿಂತೇ, ಮಂಗಳಸೂತ್ರ ಆಗಲೇ ಸಿಕ್ಕಿತ್ತು ಎಂದೆ.

"ಗೊತ್ತೈತ್ರಿ. ಸಿಕ್ಕ ವಾರದಾಗs ಸವಿತಾತಾಯಿ ವಿಳಾಸ ಹುಡಿಕ್ಕೊಂಡು ಮನಿಗೆ ಬಂದಿದ್ರು. ನನ್ನ ಹೆಂಡ್ತಿ ಕೈ ಹಿಡಕೊಂಡು ಅತ್ತು ಹೋದ್ರು."

ಬರಬೇಕಾದವರ ಸಾಲಿನಲ್ಲಿ ಆಕೆಯದು ಕೊನೆಯ ಹೆಸರು. ಆಕೆಯೊಬ್ಬರೇ ಬಂದಿದ್ದರು.

"ಅವತ್ತು ಸಾಹೇಬರ ಹತ್ರ ನಾನು..." ಎಂದು ಶುರು ಮಾಡಿದೆ.

"ಅದೂ ಗೊತ್ತೈತ್ರಿ. ನೀವು ಸಹಿ ಮಾಡಿದ ಹಾಳಿ ನನ್ನ ಮುಂದs ಓದಿದ್ರು." ಅವನು ಯಂತ್ರದ ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಕಿವಿ ಗಾಲಿಯ ಸದ್ದಿನ ಕಡೆಗಿತ್ತು.

ಹಾಗಾದರೆ ಅಂದು ಸ್ಟೋರಿನ ಬಾಗಿಲಲ್ಲಿ ನಿಂತು ಅವನು ಕೇಳಿದ್ದು ಗೊತ್ತಿಲ್ಲದೆ ಅಲ್ಲ. ಎಲ್ಲ ಗೊತ್ತಿದ್ದೂ ನನಗೊಂದು ಅವಕಾಶ ಕೊಟ್ಟಿದ್ದ.

"ಬಸವರಾಜ, ನನ್ನನ್ನ ಕ್ಷಮಿಸು ಅಂತ..."

"ಕೇಳಬ್ಯಾಡ್ರಿ ಸರ" ಎಂದ, ದನಿ ಏರಿಸದೆ. "ಕೇಳಿದ್ರ ಇಲ್ಲ ಅನಬೇಕಾಗ್ತೈತಿ. ಬಾಗಿಲಿಗೆ ಬಂದವ್ರಿಗೆ ಇಲ್ಲ ಅನ್ನೂದು ನಮ್ಮವ್ವ ನಮಗ ಕಲಿಸಿಲ್ಲ. ಚಾ ಕುಡದು ಹೋಗ್ರಿ."

ಚಹಾ ಬಂತು. ಕುಡಿದೆ. ಗಿರಾಕಿಯೊಬ್ಬರು ಬಂದರು, ಅವನು ಅವರೊಡನೆ ಮರಾಠಿಯಲ್ಲಿ ಮಾತಿಗೆ ತೊಡಗಿದ. ನಾನು ಹೊರಟೆ.

ಶ್ರೇಯಾ ಪ್ರವಾಸದಿಂದ ಮರಳಿದ ಮೇಲೆ ಒಂದು ದಿನ ಊಟಕ್ಕೆ ಕುಳಿತಾಗ ಇಷ್ಟನ್ನೂ ಅವಳಿಗೆ ಹೇಳಿದೆ. ಸಹಿಯನ್ನು, ಎರಡು ಸುಳ್ಳನ್ನು, ಹನ್ನೊಂದು ವರ್ಷವನ್ನು, ಯಾವುದನ್ನೂ ಬಿಡಲಿಲ್ಲ. "ಮಗಳ ಮುಂದ ಇದನ್ನೆಲ್ಲಾ ಯಾಕ ಹೇಳ್ತೀರಿ" ಎಂದಳು ಹೆಂಡತಿ. ಶ್ರೇಯಾ ಎದ್ದು ತಟ್ಟೆ ತೊಳೆದಿಟ್ಟು ಬಂದಳು. ಅವಳಿಗೆ ಕನ್ನಡ ತಡವರಿಸುತ್ತದೆ, ಹಿಂದಿಯೇ ಸಲೀಸು. ಆದರೂ ಕನ್ನಡದಲ್ಲಿಯೇ, ಒಂದೊಂದೇ ಪದ ಆರಿಸಿ ಹೇಳಿದಳು.

"ಪಪ್ಪಾ, ಆ ಅಂಕಲ್ ಕ್ಷಮೆ ಕೇಳಬೇಡಿ ಹೇಳಿದ್ದು... ಬರೋಬರ್ ಇದೆ."

ಹೌದು ಎಂದೆ.